ಎರಡು ಚಾನೆಲ್‌ನ ದಾರಿಯಲ್ಲಿ ಆರು ಚಾನೆಲ್

ಟಿವಿಯಿಂದ ರಿಸೀವರ್‌ಗೆ, ಅಂದರೆ ಎಲ್ಲ ಸ್ಪೀಕರ್‌ಗಳನ್ನೂ ನುಡಿಸುವ ಪೆಟ್ಟಿಗೆಗೆ, ಕೇಬಲ್ ಹಾಕಿದ್ದಾಯಿತು. ಶಬ್ದವೂ ಬರುತ್ತದೆ. ಹಿಂದಿನ ಸ್ಪೀಕರ್‌ಗಳು ಮಾತ್ರ ಸುಮ್ನೆ ಕೂತಿವೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮಾಡುವ ಕೆಲಸ ಒಂದೇ: ಇನ್ನೂ ದುಬಾರಿ ಕೇಬಲ್ ತರುವುದು. ದಯವಿಟ್ಟು ತರಬೇಡಿ. ಡಿಜಿಟಲ್ ಕೇಬಲ್ ಕೆಟ್ಟರೆ ಶಬ್ದ ತುಂಡು ತುಂಡಾಗುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ. ಚಾನೆಲ್ ಅಂದರೆ ಇಲ್ಲಿ ಒಂದೊಂದು ಸ್ಪೀಕರ್‌ಗೆ ಅಂತ ಇರುವ ಬೇರೆ ಬೇರೆ ಶಬ್ದ. ಅಂಥ ಆರು ಚಾನೆಲ್‌ಗಳನ್ನು ಅಚ್ಚುಕಟ್ಟಾಗಿ ಎರಡು ಮಾಡುವ ಶಕ್ತಿ ಯಾವ ಕೇಬಲ್‌ಗೂ ಇಲ್ಲ. ಕನೆಕ್ಟರ್‌ಗೆ ಚಿನ್ನ ಬಳಿದರೂ ಅಷ್ಟೆ, ಒಳಗೆ ಬೆಳಕು ಹರಿದರೂ ಅಷ್ಟೆ. ಆ ಕೆಲಸ ಮಾಡಿದ್ದು ಕೇಬಲ್‌ನ ತುದಿಯಲ್ಲಿರುವ ಯಾವುದೋ ಪೆಟ್ಟಿಗೆ. ಯಾಕೆ ಮಾಡಿತು ಅನ್ನುವುದರ ಹಿಂದೆ ಒಂದು ಸೊಗಸಾದ ಉಪಾಯದ ಕಥೆ ಇದೆ.

1982ರಲ್ಲಿ ಸಿಡಿ ಬಂತು. ಅದರಲ್ಲಿ ಎಡ ಮತ್ತು ಬಲ, ಎರಡೇ ಚಾನೆಲ್. ಅಂಥ ಶಬ್ದವನ್ನು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಸಾಗಿಸಲು ಸೋನಿ ಮತ್ತು ಫಿಲಿಪ್ಸ್ ಸೇರಿ ಎಸ್‌ಪಿಡಿಐಎಫ್ ಎಂಬ ದಾರಿ ಮಾಡಿದವು. 1983ರಲ್ಲಿ ತೋಷಿಬಾ ಬೆಳಕಿನ ಕೇಬಲ್ ತಂದಿತು. ಟಿವಿಯ ಹಿಂದೆ ಕೆಂಪಗೆ ಮಿನುಗುವ ಆಪ್ಟಿಕಲ್ ಕಿಂಡಿ ಅದೇ. ಸೆಕೆಂಡಿಗೆ 48,000 ಸ್ಯಾಂಪಲ್ (ಶಬ್ದವನ್ನು ಅಳೆದು ಬರೆದ ಸಂಖ್ಯೆ), ಒಂದೊಂದಕ್ಕೆ 16 ಬಿಟ್, ಎರಡು ಚಾನೆಲ್. ಗುಣಿಸಿದರೆ ಸೆಕೆಂಡಿಗೆ 15,36,000 ಬಿಟ್. ಆರು ಚಾನೆಲ್‌ಗೆ ಇದರ ಮೂರು ಪಟ್ಟು ಜಾಗ ಬೇಕು. ಈ ದಾರಿಯಲ್ಲಿ ಅಷ್ಟು ಜಾಗ ಇಲ್ಲ.

ಡಾಲ್ಬಿ ಡಿಜಿಟಲ್ ಎಂಬ ವಿಧಾನ ಶಬ್ದವನ್ನು ಹಿಂಡಿ ಚಿಕ್ಕದು ಮಾಡಿತು. ಡಿವಿಡಿಯಲ್ಲಿ ಆರೂ ಚಾನೆಲ್ ಸೇರಿ ಸೆಕೆಂಡಿಗೆ 4,48,000 ಬಿಟ್‌ನಲ್ಲಿ ಮುಗಿಯುತ್ತವೆ. ಜಾಗದ ಚಿಂತೆ ಹೋಯಿತು. ಆದರೆ ದಾರಿಗೆ ಗೊತ್ತಿರುವುದು ಎಡ, ಬಲ, ಎಡ, ಬಲ ಎಂಬ ಲೆಕ್ಕ ಮಾತ್ರ. ಹಿಂಡಿದ ಕಟ್ಟು ಅದಕ್ಕೆ ಗೊತ್ತೇ ಇಲ್ಲ. ಆಗ ಎಂಜಿನಿಯರ್‌ಗಳು ಆ ಕಟ್ಟಿಗೆ ಸ್ಟೀರಿಯೊ ವೇಷ ಹಾಕಿಸಿದರು!

ಇದು ನನಗೆ ತುಂಬಾ ಇಷ್ಟವಾದ ಭಾಗ, ಸ್ವಲ್ಪ ನಿಧಾನವಾಗಿ ನೋಡೋಣ. ಡಾಲ್ಬಿ ಡಿಜಿಟಲ್‌ನ ಒಂದು ಕಟ್ಟಿನಲ್ಲಿ 1,536 ಸ್ಯಾಂಪಲ್ ಹೊತ್ತಿನ ಶಬ್ದ ಇರುತ್ತದೆ, ಅಂದರೆ 32 ಮಿಲಿಸೆಕೆಂಡ್. ಅಷ್ಟು ಹೊತ್ತಿನಲ್ಲಿ ಸ್ಟೀರಿಯೊ ದಾರಿ 6,144 ಬೈಟ್ ಸಾಗಿಸುತ್ತದೆ. ಡಿವಿಡಿಯ ಕಟ್ಟಿನ ತೂಕ 1,792 ಬೈಟ್ ಮಾತ್ರ. ಉಳಿದ ಜಾಗಕ್ಕೆ ಬರೀ ಸೊನ್ನೆ ತುಂಬುತ್ತಾರೆ. ಎರಡೇ ಸೀಟಿನ ಗಾಡಿ, ಆರು ಜನ. ಅವರು ತಾವೇ ಹೋಗದೆ ತಮ್ಮ ಮಾತನ್ನೆಲ್ಲ ಒಂದು ಕಾಗದದಲ್ಲಿ ಬರೆದು ಸೀಟಿನ ಮೇಲಿಟ್ಟು ಕಳಿಸಿದ ಹಾಗೆ. ಗಾಡಿ ಹೆಚ್ಚುಕಡಿಮೆ ಮುಕ್ಕಾಲು ಖಾಲಿ, ಆದರೂ ಆರೂ ಜನರ ಮಾತು ಊರು ಸೇರುತ್ತದೆ. ಕಟ್ಟಿನ ತಲೆಯಲ್ಲಿ ಎಫ್872, 4ಇ1ಎಫ್ ಎಂಬ ಎರಡು ಗುರುತಿನ ಸಂಖ್ಯೆಗಳಿರುತ್ತವೆ. ಅವನ್ನು ಕಂಡ ಕೂಡಲೇ ರಿಸೀವರ್‌ಗೆ ಇದು ಶಬ್ದವಲ್ಲ, ಬಿಚ್ಚಿ ಓದಬೇಕಾದ ಕಾಗದ ಅಂತ ಗೊತ್ತಾಗುತ್ತದೆ. ಗುರುತು ಹಿಡಿಯದ ಪೆಟ್ಟಿಗೆ ಅದನ್ನೇ ಶಬ್ದ ಅಂದುಕೊಂಡು ನುಡಿಸಿದರೆ ಜೋರಾದ ಗೊರಗೊರ ಸದ್ದು. ಪತ್ರದ ಅಕ್ಷರಗಳನ್ನು ಸ್ವರ ಅಂದುಕೊಂಡು ಹಾಡಿದ ಹಾಗೆ.

ಈ ವೇಷ ಅರ್ಥವಾದರೆ ಇನ್ನೊಂದು ಗೊಂದಲವೂ ಬಿಡುತ್ತದೆ. ಟಿವಿಯ ವಾಲ್ಯೂಮ್ ಕಡಿಮೆ ಮಾಡಿದರೂ ರಿಸೀವರ್‌ನ ಶಬ್ದ ಯಾಕೆ ಇಳಿಯುವುದಿಲ್ಲ? ವಾಲ್ಯೂಮ್ ಇಳಿಸುವುದು ಅಂದರೆ ಪ್ರತಿ ಸಂಖ್ಯೆಯನ್ನೂ ಚಿಕ್ಕದು ಮಾಡುವುದು. ಕಾಗದದ ಅಕ್ಷರಗಳನ್ನು ಹಾಗೆ ತಿದ್ದಿದರೆ ಓದಲು ಏನೂ ಉಳಿಯುವುದಿಲ್ಲ. ಹಾಗಾಗಿ ಟಿವಿ ಅದನ್ನು ಮುಟ್ಟಬಾರದು. ವಾಲ್ಯೂಮ್ ಇಳಿಸು ಅಂತ ರಿಸೀವರ್‌ಗೇ ಹೇಳಬೇಕು. ಅದಕ್ಕೇ ಎಚ್‌ಡಿಎಂಐ ಕೇಬಲ್‌ನಲ್ಲಿ ಸಿಇಸಿ ಅಂತ ಬೇರೆಯೇ ಒಂದು ತಂತಿ ಇದೆ.

ಈಗ ಸುಮ್ನೆ ಕೂತ ಸ್ಪೀಕರ್‌ಗಳ ವಿಷಯ. ಟಿವಿಯ ಶಬ್ದದ ಮೆನುವಿನಲ್ಲಿ ಪಿಸಿಎಂ (ಹಿಂಡದ ಶಬ್ದ) ಅಂತ ಆರಿಸಿದ್ದರೆ ಟಿವಿ ತಾನೇ ಕಾಗದ ಬಿಚ್ಚಿ ಓದುತ್ತದೆ. ಆರು ಜನರ ಮಾತನ್ನು ಎರಡಕ್ಕೆ ಬೆರೆಸಿ ಕಳಿಸುತ್ತದೆ. ಬಿಟ್‌ಸ್ಟ್ರೀಮ್ ಅಥವಾ ಪಾಸ್‌ಥ್ರೂ ಆರಿಸಿದರೆ ಕಾಗದ ಹಾಗೇ ಹೋಗುತ್ತದೆ. ಎಷ್ಟೋ ಸಲ ರಿಪೇರಿ ಇಷ್ಟೇ.

ಪ್ಲೇಯರನ್ನು ಟಿವಿಗೆ ಹಾಕಿ, ಅಲ್ಲಿಂದ ರಿಸೀವರ್‌ಗೆ ತಂದಿದ್ದರೆ ಇನ್ನೊಂದು ಕಡೆ ಸಿಕ್ಕಿಬೀಳಬಹುದು. ಪ್ಲೇಯರ್ ಮೊದಲು ಟಿವಿಯನ್ನು ಕೇಳುತ್ತದೆ: ನಿನಗೆ ಏನೇನು ಬರುತ್ತೆ? ನನಗೆ ಎರಡೇ ಚಾನೆಲ್ ಸಾಕು ಅಂತ ಟಿವಿ ಹೇಳಿದರೆ ಪ್ಲೇಯರ್ ಕೊಡುವುದೂ ಎರಡೇ. ಟಿವಿಯ ಹಿಂದೆ ರಿಸೀವರ್ ಕಾಯುತ್ತಿರುವುದು ಪ್ಲೇಯರ್‌ಗೆ ಹೇಗೆ ಗೊತ್ತಾಗಬೇಕು? ಪ್ಲೇಯರನ್ನು ನೇರ ರಿಸೀವರ್‌ಗೆ ಹಾಕಿ, ಚಿತ್ರವನ್ನು ಅಲ್ಲಿಂದ ಟಿವಿಗೆ ಕಳಿಸುವುದೇ ಒಳ್ಳೆಯದು.

ಟಿವಿಯೊಳಗಿನ ಆ್ಯಪ್‌ಗಳ ಶಬ್ದ ಮಾತ್ರ ವಾಪಸ್ ಬರಲೇಬೇಕು. ಅದಕ್ಕೆ 2009ರಲ್ಲಿ ಎಚ್‌ಡಿಎಂಐ 1.4ರ ಜೊತೆ ಎಆರ್‌ಸಿ ಬಂತು. ಕನೆಕ್ಟರ್‌ನ 19 ಪಿನ್‌ಗಳಲ್ಲಿ 14ನೆಯದನ್ನು ಮುಂದೆ ಬೇಕಾದೀತು ಅಂತ ಖಾಲಿ ಬಿಟ್ಟಿದ್ದರು. ಅದರಲ್ಲಿ ಹಳೆಯ ಎಸ್‌ಪಿಡಿಐಎಫ್ ಭಾಷೆಯನ್ನೇ ಹಿಮ್ಮುಖವಾಗಿ ಹರಿಸಿದರು. ಹೀಗಾಗಿ ಎರಡು ಚಾನೆಲ್‌ನ ಮಿತಿ, ಅದೇ ವೇಷ ಇಲ್ಲಿಗೂ ಬಂತು. ಎಆರ್‌ಸಿ ಅಂತ ಬರೆದ ಕಿಂಡಿಗೇ ಕೇಬಲ್ ಹಾಕಬೇಕು, ಪಕ್ಕದ್ದಕ್ಕೆ ಹಾಕಿದರೆ ಶಬ್ದ ವಾಪಸ್ ಬರುವುದಿಲ್ಲ.

2017ರ ಎಚ್‌ಡಿಎಂಐ 2.1 ಎಆರ್‌ಸಿಯ ಸುಧಾರಿತ ರೂಪವಾದ ಇ-ಎಆರ್‌ಸಿ ತಂದಿತು. ಅದರ ಮಿತಿ ಸೆಕೆಂಡಿಗೆ ಸುಮಾರು 37 ಮೆಗಾಬಿಟ್. ಎಂಟು ಚಾನೆಲ್, 24 ಬಿಟ್, ಸೆಕೆಂಡಿಗೆ 1,92,000 ಸ್ಯಾಂಪಲ್ ಅಂತ ಗುಣಿಸಿ ನೋಡಿ, 36.864 ಬರುತ್ತದೆ. ಹಿಂಡದ ಶಬ್ದಕ್ಕೂ ಈಗ ಜಾಗ ಸಿಕ್ಕಿತು, ಪಿಸಿಎಂನಲ್ಲೇ ಎಂಟು ಚಾನೆಲ್ ಹೋಗಬಹುದು.

ಎಲ್ಲ ಸರಿ ಮಾಡಿದ ಮೇಲೆ ಹಿಂದಿನ ಸ್ಪೀಕರ್‌ನಿಂದ ಶಬ್ದ ಬಂತು ಅಂತ ಅಲ್ಲಿಗೇ ಬಿಡಬೇಡಿ. ಎರಡೇ ಚಾನೆಲ್ ಬಂದರೂ ರಿಸೀವರ್ ಅದನ್ನು ತಾನೇ ಹರಡಿ ಎಲ್ಲ ಸ್ಪೀಕರ್‌ಗೂ ಕೊಡಬಲ್ಲದು. ಅದರ ಮಾಹಿತಿ ಪರದೆ ತೆರೆದು, ಒಳಗೆ ಬರುತ್ತಿರುವ ಸಿಗ್ನಲ್ ಯಾವುದು ಅನ್ನುವ ಸಾಲು ನೋಡಿ. 5.1ರ, ಅಂದರೆ ಆರು ಚಾನೆಲ್‌ನ, ಕಾರ್ಯಕ್ರಮ ಓಡುತ್ತಿರುವಾಗಲೂ ಅಲ್ಲಿ ಪಿಸಿಎಂ 2.0 (ಎರಡೇ ಚಾನೆಲ್) ಅಂತ ಇದ್ದರೆ, ಕಾಗದವನ್ನು ದಾರಿಯಲ್ಲಿ ಯಾರೋ ಇನ್ನೂ ಬಿಚ್ಚುತ್ತಿದ್ದಾರೆ.