ಪದ ಪರಿಚಯ: ಟರ್ಬೊ ಕನ್ವರ್ಷನ್

ತುಮಕೂರಿನ ಅಂತರಸನಹಳ್ಳಿ ಕಡೆಯ ಗ್ಯಾರೇಜಿನಲ್ಲಿ ಕಾರಿನ ಹುಚ್ಚು ಹತ್ತಿದ ನಾಲ್ಕು ಹುಡುಗರು ಸೇರಿದರೆ ಈ ಮಾತು ಬಂದೇ ಬರುತ್ತದೆ: "ಟರ್ಬೊ ಇಲ್ದಿರೋ ಸ್ಪೋರ್ಟ್ಸ್ ಕಾರು ಕಡಿಮೆಗೆ ಸಿಗುತ್ತೆ ಕಣೋ. ತಗೊಂಡು ಆಮೇಲೆ ಟರ್ಬೊ ಹಾಕಿಸಿದ್ರಾಯ್ತು." ಟರ್ಬೊ ಇಲ್ಲದೆ ಕಂಪನಿಯಿಂದ ಬಂದ ಇಂಜಿನ್‌ಗೆ ಹೀಗೆ ಹೊರಗಡೆ ಟರ್ಬೊ ಕೂರಿಸುವುದೇ ಟರ್ಬೊ ಕನ್ವರ್ಷನ್.

ಮೊದಲು ಟರ್ಬೊ ಮಾಡುವ ಕೆಲಸ ನೋಡೋಣ. ಒಂದು ಕೆಜಿ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಪಿಸ್ಟನ್ ಕೆಳಗಿಳಿಯುವಾಗ ತಾನಾಗಿ ಎಳೆದುಕೊಂಡಷ್ಟೇ ಗಾಳಿಯಲ್ಲಿ ಓಡುವ ಇಂಜಿನ್ನನ್ನು ಗ್ಯಾರೇಜಿನವರು 'ಎನ್‌ಎ' ಅನ್ನುತ್ತಾರೆ. ಟರ್ಬೊದಲ್ಲಿ ಒಂದೇ ಶಾಫ್ಟಿಗೆ ಎರಡು ಚಕ್ರಗಳಿರುತ್ತವೆ. ಸೈಲೆನ್ಸರ್ ಕಡೆಗೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್‌ಗೆ ತುಂಬುತ್ತದೆ. ವೇಗ ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟುತ್ತದೆ. ಹೀಗೆ ಜಾಸ್ತಿಯಾಗುವ ಗಾಳಿಯ ಒತ್ತಡಕ್ಕೆ ಬೂಸ್ಟ್ ಎಂದು ಹೆಸರು. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯುಖಿ ಇದಕ್ಕೆ 1905ರಲ್ಲೇ ಪೇಟೆಂಟ್ ಪಡೆದಿದ್ದರು. ಮಾರಾಟದ ಕಾರಿಗೆ ಬಂದದ್ದು 1962ರಲ್ಲಿ, ಅಮೆರಿಕದಲ್ಲಿ.

ನಮ್ಮ ಊರಿನವರಿಗೆ ಇದರಲ್ಲಿ ಒಂದು ವಿಶೇಷವಿದೆ. ತುಮಕೂರು ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ನೂರಕ್ಕೆ ಎಂಟೊಂಬತ್ತರಷ್ಟು ಕಡಿಮೆ. ಎನ್‌ಎ ಇಂಜಿನ್‌ಗೆ ಅಷ್ಟು ಶಕ್ತಿ ಸುಮ್ನೆ ಖೋತಾ. ದೇವರಾಯನದುರ್ಗದ ತಿರುವು ಹತ್ತುವಾಗ ಟರ್ಬೊ ಕಾರು ಆ ಕೊರತೆಯನ್ನು ತಾನೇ ತುಂಬಿಕೊಳ್ಳುತ್ತದೆ. ಟರ್ಬೊ ಮೇಲೆ ನಮಗಿರುವ ಆಸೆ ಸುಳ್ಳಲ್ಲ ಅಲ್ವಾ?

ತೊಡಕಿರುವುದು ಕಂಪ್ರೆಷನ್ ರೇಶಿಯೊದಲ್ಲಿ. ಪಿಸ್ಟನ್ ಮೇಲೇರಿ ಗಾಳಿ-ಪೆಟ್ರೋಲನ್ನು ಎಷ್ಟು ಪಟ್ಟು ಅಮುಕುತ್ತದೆ ಅನ್ನುವ ಲೆಕ್ಕ ಅದು. 1993ರಲ್ಲಿ ಬಂದ ಟೊಯೊಟಾ ಸುಪ್ರಾವನ್ನೇ ತಗೊಳ್ಳಿ. ಮೂರು ಲೀಟರಿನ ಅದೇ ಆರು ಸಿಲಿಂಡರ್ ಇಂಜಿನ್ ಎರಡು ಬಗೆಯಲ್ಲಿ ಸಿಗುತ್ತಿತ್ತು. ಟರ್ಬೊ ಇಲ್ಲದ್ದರ ರೇಶಿಯೊ 10:1, ಟರ್ಬೊ ಇರುವುದರದ್ದು 8.5:1. ಅಮೆರಿಕದ ಮಾದರಿಯಲ್ಲಿ ಶಕ್ತಿ 220 ಮತ್ತು 320 ಎಚ್‌ಪಿ. ಟೊಯೊಟಾ ಬರೀ ಟರ್ಬೊ ಜೋಡಿಸಿ ಕೈತೊಳೆದುಕೊಳ್ಳಲಿಲ್ಲ. ಪಿಸ್ಟನ್ ಬದಲಾಯಿಸಿತು. ಅದರ ತಳಕ್ಕೆ ಆಯಿಲ್ ಚಿಮ್ಮಿಸಿ ತಣ್ಣಗಿಡುವ ಏರ್ಪಾಟು ಮಾಡಿತು. ಐದರ ಬದಲು ಆರು ಗೇರಿನ, ಗಟ್ಟಿಯಾದ ಗೇರ್‌ಬಾಕ್ಸ್ ಕೊಟ್ಟಿತು.

10:1 ಇಂಜಿನ್‌ಗೆ ಹಾಗೇ ಬೂಸ್ಟ್ ಏರಿಸಿದರೆ ಸಿಲಿಂಡರ್ ಒಳಗೆ ಬಿಸಿಯೂ ಒತ್ತಡವೂ ಮಿತಿ ಮೀರುತ್ತವೆ. ಸ್ಪಾರ್ಕ್‌ನಿಂದ ಹೊತ್ತಿದ ಉರಿ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಪೆಟ್ರೋಲ್ ತಾನಾಗಿ ಸಿಡಿಯುತ್ತದೆ. ಇದೇ ನಾಕಿಂಗ್. ಮೊದಲು ಟಕಟಕ ಸದ್ದು, ಆಮೇಲೆ ಸಿಲಿಂಡರಿನ ಮೇಲ್ಭಾಗವನ್ನು ಸೀಲ್ ಮಾಡುವ ಹೆಡ್ ಗ್ಯಾಸ್ಕೆಟ್ ಹೋಗುವುದು, ಕೊನೆಗೆ ಪಿಸ್ಟನ್ ಒಡೆಯುವುದು. ಬೂಸ್ಟನ್ನು (ಟೈರಿನ ಗಾಳಿಯಂತೆ ಇದನ್ನೂ ಪಿಎಸ್‌ಐನಲ್ಲಿ ಅಳೆಯುತ್ತಾರೆ) ಐದಾರು ಪಿಎಸ್‌ಐ ಒಳಗಿಟ್ಟು, ಒಳ್ಳೆಯ ಟ್ಯೂನರ್ ಕೈಯಲ್ಲಿ ಮಾಡಿಸಿದ ಕನ್ವರ್ಷನ್ ಬಾಳಿಕೆ ಬರುವುದುಂಟು. ಆದರೆ ಅಷ್ಟಕ್ಕೂ ಒತ್ತಿದ ಗಾಳಿಯನ್ನು ತಣ್ಣಗಾಗಿಸುವ ಇಂಟರ್‌ಕೂಲರ್, ಪೆಟ್ರೋಲ್ ಚಿಮ್ಮಿಸುವ ದೊಡ್ಡ ಇಂಜೆಕ್ಟರ್, ಅದಕ್ಕೆ ತಕ್ಕ ಪಂಪ್, ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಟ್ಯೂನಿಂಗ್, ಗಟ್ಟಿ ಕ್ಲಚ್ ಬೇಕೇ ಬೇಕು.

ಒಂದು ಸಣ್ಣ ಪೈಪನ್ನೇ ನೋಡಿ. ಟರ್ಬೊ ಬೇರಿಂಗ್‌ಗೆ ಹೋದ ಆಯಿಲ್ ಇಂಜಿನ್ ಅಡಿಯಲ್ಲಿರುವ ಆಯಿಲ್ ತೊಟ್ಟಿಗೆ (ಸಂಪ್) ವಾಪಸ್ ಬೀಳಬೇಕು. ಅದಕ್ಕೆ ಆ ತೊಟ್ಟಿಗೆ ತೂತು ಕೊರೆದು ಪೈಪ್ ವೆಲ್ಡ್ ಮಾಡಬೇಕು. ಆಯಿಲ್ ತನ್ನ ಭಾರಕ್ಕೇ ಇಳಿಯಬೇಕಾದ್ದರಿಂದ ಪೈಪ್ ದಪ್ಪಗಿರಬೇಕು, ಉದ್ದಕ್ಕೂ ಇಳಿಜಾರಾಗಿರಬೇಕು. ಎಲ್ಲೋ ಒಂದು ಕಡೆ ಏರಿದರೂ ಆಯಿಲ್ ಹಿಂದೆ ನಿಂತು, ಸೀಲ್ ದಾಟಿ, ಸೈಲೆನ್ಸರಿನಲ್ಲಿ ನೀಲಿ ಹೊಗೆ ಬರುತ್ತದೆ. ಹೊಸ ಟರ್ಬೊವೇ ಹಾಳು ಅಂದುಕೊಂಡು ಎಷ್ಟೋ ಜನ ಇನ್ನೊಂದನ್ನು ಕೊಳ್ಳುತ್ತಾರೆ.

ಇನ್ನು ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೆ ಆರ್‌ಸಿ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ, ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅಪಘಾತವಾದರೆ ವಿಮೆಯವರೂ ತಕರಾರು ತೆಗೆಯಬಹುದು.

ಹಾಗಾಗಿ ನನ್ನ ಮಾತು ನೇರ: ಟರ್ಬೊ ಬೇಕೆಂದರೆ ಕಂಪನಿಯೇ ಟರ್ಬೊ ಕೊಟ್ಟ ಕಾರು ಕೊಳ್ಳಿ. ಹಳೆ ಸುಪ್ರಾವನ್ನು ಜಪಾನಿನಿಂದ ತರಿಸುವ ಆಸೆ ಬಿಡಿ. ಬಳಸಿದ ಕಾರು ಇಲ್ಲಿಗೆ ಬರಬೇಕಾದರೆ, ವಿಂಟೇಜ್ ಬಿಟ್ಟು, ಮೂರು ವರ್ಷಕ್ಕಿಂತ ಹಳೆಯದಿರಬಾರದು. ಅದೂ ಮುಂಬೈ ಬಂದರಿನಿಂದಲೇ ಬರಬೇಕು. ಇಲ್ಲಿಯೇ ಸೆಕೆಂಡ್ ಹ್ಯಾಂಡ್ ಹುಡುಕುವುದು ಮೇಲು. ಕಂಪನಿಯೇ ಆಮದು ಮಾಡಿ ಮಾರಿದ ಆಡಿ ಟಿಟಿ ಎರಡು ಲೀಟರ್ ಟರ್ಬೊ ಇರುವ, ಎರಡು ಬಾಗಿಲಿನ ಕೂಪೆ. ಹಾಗೆಯೇ ಬಂದ ನಿಸ್ಸಾನ್ 370ಝಡ್ ಟರ್ಬೊ ಇಲ್ಲದ 3.7 ಲೀಟರ್, ರೇಶಿಯೊ 11:1. ಅದು ಇರುವ ಹಾಗೇ ಚೆಂದ, ಅದನ್ನು ಕೆಣಕಬೇಡಿ.

ನೋಡಲು ಹೋಗುವ ಮುಂಚೆ ಇಂಜಿನ್ ಬಿಸಿ ಮಾಡಿಡಬೇಡಿ ಎಂದು ಮಾಲೀಕರಿಗೆ ಹೇಳಿ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಹೊಗೆಯ ಬಣ್ಣ ಮುಚ್ಚಿಡಲು ಆಗುವುದಿಲ್ಲ. ಇಂಜಿನ್ ಆಫ್ ಇರುವಾಗ ಟರ್ಬೊಗೆ ಹೊರಗಿನ ಗಾಳಿ ತರುವ ಪೈಪ್ ಬಿಚ್ಚಿಸಿ ಚಕ್ರವನ್ನು ಬೆರಳಲ್ಲಿ ಅಲ್ಲಾಡಿಸಿ. ಅಡ್ಡಕ್ಕೆ ಕೂದಲೆಳೆಯಷ್ಟು ಆಟ ಇದ್ದರೆ ತೊಂದರೆಯಿಲ್ಲ. ಹಿಂದೆ-ಮುಂದೆ ಅಲ್ಲಾಡಿದರೆ ಅಥವಾ ಚಕ್ರದ ರೆಕ್ಕೆ ಅದರ ಗೂಡಿನ ಗೋಡೆಗೆ ತಾಗಿದರೆ ಬೇಡ. ಎಲ್ಲ ಸಿಲಿಂಡರಿನಲ್ಲೂ ಒತ್ತಡ ಸರಿಯಾಗಿ ನಿಲ್ಲುತ್ತದೆಯೇ ಎಂದು ಕಂಪ್ರೆಷನ್ ಟೆಸ್ಟ್ ಮಾಡಿಸಿ. ಇಂಜಿನ್ ನಂಬರ್, ಚಾಸಿ ನಂಬರ್ ಆರ್‌ಸಿಯೊಂದಿಗೆ ತಾಳೆ ನೋಡಿ. ಬೇರೆ ರಾಜ್ಯದ ಗಾಡಿಯಾದರೆ ಎನ್‌ಓಸಿ ಕೈಗೆ ಬಂದು, ಕರ್ನಾಟಕದ ಲೈಫ್ ಟ್ಯಾಕ್ಸ್ ಎಷ್ಟಾಗುತ್ತದೆಂದು ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿದ ಮೇಲೆಯೇ ಅಡ್ವಾನ್ಸ್ ಕೊಡಿ.