ಓದೋಕೆ ಬಿಡದ ಫೈಲು ಅಳಿಸೋಕೆ ಬಿಡುತ್ತೆ!

ಲಿನಕ್ಸ್ ಸರ್ವರ್ ಮುಟ್ಟಿದವರಿಗೆಲ್ಲ ‘ಪರ್ಮಿಷನ್ ಡಿನೈಡ್’ ಅನ್ನೋ ಸಾಲು ಗೊತ್ತೇ ಇರುತ್ತದೆ. ಅದಕ್ಕೆ ಪಕ್ಕದವರು ಹೇಳಿಕೊಡುವ ಮದ್ದೂ ಗೊತ್ತಿರುತ್ತದೆ: ಫೈಲಿನ ಅನುಮತಿ ಬದಲಿಸುವ ಕಮಾಂಡು, ಸಿಎಚ್‌ಮಾಡ್ 777. ಹೊಡೆದರೆ ಕೆಲಸವೇನೋ ಆಗುತ್ತದೆ. ಒಳಗೆ ಏನಾಯಿತು ಅಂತ ನೋಡುವವರು ಮಾತ್ರ ಕಡಿಮೆ.

ಟರ್ಮಿನಲ್‌ನಲ್ಲಿ ‘ಎಲ್‌ಎಸ್ -ಎಲ್’ ಅಂತ ಹೊಡೆಯಿರಿ. ಪ್ರತಿ ಫೈಲಿಗೂ ಒಂದು ಸಾಲು ಬರುತ್ತದೆ. ಮೊದಲ ಅಕ್ಷರ ಅದು ಫೈಲೋ ಡೈರೆಕ್ಟರಿಯೋ (ಅಂದರೆ ಫೋಲ್ಡರೋ) ಎಂದು ಹೇಳುತ್ತದೆ. ಮುಂದಿನ ಒಂಬತ್ತನ್ನು ಮೂರು ಮೂರಾಗಿ ಓದಬೇಕು: ಮಾಲೀಕನಿಗೆ, ಗ್ರೂಪಿಗೆ, ಉಳಿದವರಿಗೆ. ಓದಲು ಆರ್, ಬರೆಯಲು ಡಬ್ಲ್ಯೂ, ಓಡಿಸಲು ಎಕ್ಸ್. ಇವಕ್ಕೆ ಕ್ರಮವಾಗಿ 4, 2, 1 ಅಂಕ. ಕೂಡಿದರೆ ಆಯಿತು. 640 ಅಂದರೆ ಮಾಲೀಕ ಓದಿ ಬರೆಯಬಹುದು, ಗ್ರೂಪಿನವರು ಬರೀ ಓದಬಹುದು, ಬೇರೆಯವರಿಗೆ ಏನೂ ಇಲ್ಲ. 777 ಅಂದರೆ ಆ ಯಂತ್ರದಲ್ಲಿರುವ ಯಾರು ಬೇಕಾದರೂ ಏನು ಬೇಕಾದರೂ ಮಾಡಬಹುದು.

ವೆಬ್‌ಸೈಟಿನ ಫೋಟೋ ಅಪ್‌ಲೋಡ್ ಫೋಲ್ಡರಿಗೆ ಈ 777 ಹಾಕಿ ನೆಮ್ಮದಿಯಾಗಿರುವವರು ಬೇಕಾದಷ್ಟು ಜನ. ಅಲ್ಲಿ ತಪ್ಪಿರುವುದು ಬಹಳ ಸಲ ಮಾಲೀಕನ ಹೆಸರು, ಅಷ್ಟೇ. ಉಬುಂಟು ಲಿನಕ್ಸ್‌ನಲ್ಲಿ ಅಪಾಚೆ ಎಂಬ ವೆಬ್ ಸರ್ವರ್ ಓಡುವುದು ‘ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ’ ಎಂಬ ಬಳಕೆದಾರನ ಹೆಸರಲ್ಲಿ. ಮಾಲೀಕನನ್ನು ಬದಲಿಸುವ ಸಿಎಚ್‌ಓನ್ ಬಳಸಿ ಆ ಒಂದು ಫೋಲ್ಡರನ್ನು ಅವನ ಹೆಸರಿಗೆ ಮಾಡಿದರೆ 755 ಸಾಕು.

ನಿಜವಾದ ಮಜಾ ಇರುವುದು ಡೈರೆಕ್ಟರಿಯಲ್ಲಿ. ನಿಮ್ಮ ಹೋಮ್ ಡೈರೆಕ್ಟರಿಯಲ್ಲಿ ರೂಟ್ (ಎಲ್ಲ ಅಧಿಕಾರವಿರುವ ಬಳಕೆದಾರ) ಮಾಲೀಕನಾಗಿರುವ, 600 ಇರುವ ಫೈಲೊಂದು ಕೂತಿದೆ ಅಂದುಕೊಳ್ಳಿ. ರೂಟ್‌ನ ಅಧಿಕಾರದಲ್ಲಿ ಕಮಾಂಡು ಓಡಿಸುವ ಸುಡೋ ಹಾಕಿ ಏನೋ ಇನ್‌ಸ್ಟಾಲ್ ಮಾಡಿದಾಗ ಇಂಥವು ಉಳಿದುಬಿಡುತ್ತವೆ. ಓದೋಣ ಅಂತ ‘ಕ್ಯಾಟ್’ ಮಾಡಿದರೆ ಪರ್ಮಿಷನ್ ಡಿನೈಡ್. ತಿದ್ದೋಣ ಅಂದರೂ ಅದೇ ಉತ್ತರ. ಈಗ ಅಳಿಸುವ ಕಮಾಂಡು ‘ಆರ್‌ಎಂ’ ಹೊಡೆಯಿರಿ. ಇದು ಬರೆಯಲು ಬಿಡದ ಫೈಲು, ತೆಗೆಯಲೇ ಅಂತ ಒಮ್ಮೆ ಕೇಳುತ್ತದೆ. ‘ವೈ’ ಒತ್ತಿದರೆ ಫೈಲು ಮಾಯ!

ಇದೇನು ಎಡವಟ್ಟಲ್ಲ. ಫೈಲಿನ ಹೆಸರು ಫೈಲಿನೊಳಗೆ ಇರುವುದೇ ಇಲ್ಲ. ಡೈರೆಕ್ಟರಿ ಅಂದರೆ ಹೆಸರು ಮತ್ತು ಐನೋಡ್ ನಂಬರುಗಳನ್ನು (ಫೈಲನ್ನು ಗುರುತಿಸುವ ಸಂಖ್ಯೆ) ಬರೆದಿಟ್ಟ ಒಂದು ಪಟ್ಟಿ. ಅಳಿಸುವುದೆಂದರೆ ಆ ಪಟ್ಟಿಯಿಂದ ಒಂದು ಸಾಲು ತೆಗೆಯುವುದು. ಪಟ್ಟಿ ನಿಮ್ಮದಾದರೆ ತೆಗೆಯುವ ಹಕ್ಕೂ ನಿಮ್ಮದೇ. ಹಾಗಾಗಿ ಫೋಲ್ಡರಿಗೆ 777 ಕೊಟ್ಟು ಒಳಗಿನ ಫೈಲುಗಳಿಗೆ 600 ಹಾಕಿದರೆ ಕದ್ದು ಓದುವುದು ತಪ್ಪೀತು, ಅಳಿಸುವುದು ತಪ್ಪದು. ತಾತ್ಕಾಲಿಕ ಫೈಲುಗಳನ್ನು ಎಲ್ಲರೂ ಬರೆಯಲೇಬೇಕಾದ ‘ಟಿಎಂಪಿ’ ಡೈರೆಕ್ಟರಿಗೆ ಅದಕ್ಕೇ 777 ಇರುವುದಿಲ್ಲ, 1777 ಇರುತ್ತದೆ. ಮೊದಲಿಗಿರುವ ಆ ಒಂದಕ್ಕೆ ಸ್ಟಿಕಿ ಬಿಟ್ ಎನ್ನುತ್ತಾರೆ. ಅದಿದ್ದರೆ ಅಲ್ಲಿ ಒಬ್ಬರ ಫೈಲನ್ನು ಇನ್ನೊಬ್ಬ ಸಾಮಾನ್ಯ ಬಳಕೆದಾರ ಅಳಿಸಲಾರ.

ಇನ್ನೊಂದು ವಿಶೇಷ ಅಕ್ಷರವಿದೆ, ‘ಎಸ್’. ಪಾಸ್‌ವರ್ಡುಗಳ ಗುಟ್ಟು ಇರುವ ‘ಶ್ಯಾಡೋ’ ಫೈಲನ್ನು ಸಾಮಾನ್ಯ ಬಳಕೆದಾರ ತಿದ್ದುವ ಹಾಗಿಲ್ಲ. ಆದರೂ ತನ್ನ ಪಾಸ್‌ವರ್ಡನ್ನು ತಾನೇ ಬದಲಿಸಿಕೊಳ್ಳುತ್ತಾನೆ, ಅಲ್ವಾ? ಅದಕ್ಕೆ ಕಾರಣ ಪಾಸ್‌ವರ್ಡ್ ಬದಲಿಸುವ ‘ಪಾಸ್‌ವ್ಡ್’ ಪ್ರೋಗ್ರಾಂ ಮೇಲಿರುವ ಈ ‘ಎಸ್’. ಯಾರೇ ಓಡಿಸಲಿ, ಅದು ತನ್ನ ಮಾಲೀಕನಾದ ರೂಟ್‌ನ ಅಧಿಕಾರದಲ್ಲಿ ಓಡುತ್ತದೆ. ಸೆಟ್‌ಯುಐಡಿ ಎಂಬ ಈ ಉಪಾಯ ಬೆಲ್ ಲ್ಯಾಬ್ಸ್‌ನ ಡೆನಿಸ್ ರಿಚಿ ಅವರದು. 1973ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು, 1979ರಲ್ಲಿ ಸಿಕ್ಕಿತು. ಇಷ್ಟು ಚಿಕ್ಕದಾದ, ಇಷ್ಟು ಕೆಲಸಕ್ಕೆ ಬರುವ ಐಡಿಯಾ ಯುನಿಕ್ಸ್‌ನಲ್ಲೇ ಇನ್ನೊಂದಿಲ್ಲ ಅಂತ ನನಗನಿಸುತ್ತದೆ.

ಸುಡೋ ನಿಂತಿರುವುದೂ ಇದೇ ‘ಎಸ್’ ಮೇಲೆ. ಈಗ ಬೇಸತ್ತ ಒಬ್ಬ ಅಡ್ಮಿನ್ ಪ್ರೋಗ್ರಾಂಗಳಿರುವ ‘ಯುಎಸ್‌ಆರ್’ ಡೈರೆಕ್ಟರಿಯ ಮೇಲೆ, ಒಳಗಿನದ್ದೆಲ್ಲ ಸೇರಿಸಿ, ಸುಡೋ ಸಿಎಚ್‌ಮಾಡ್ 777 ಹೊಡೆಯುತ್ತಾನೆ. ಎಲ್ಲರಿಗೂ ಎಲ್ಲವನ್ನೂ ಕೊಟ್ಟೆ ಅಂದುಕೊಳ್ಳುತ್ತಾನೆ. ಆದರೆ ಪ್ರೋಗ್ರಾಂ ಫೈಲುಗಳ ಮೇಲೆ ಬರೀ ಮೂರು ಅಂಕಿ ಹಾಕಿದರೆ ಅಲ್ಲಿದ್ದ ‘ಎಸ್’ ಅಳಿಸಿಹೋಗುತ್ತದೆ. ಮುಂದಿನ ಸಲ ಸುಡೋ ಎಂದರೆ, ತನಗೆ ಸೆಟ್‌ಯುಐಡಿ ಇಲ್ಲ ಎಂದು ಅದು ನಿಂತುಬಿಡುತ್ತದೆ. ತಪ್ಪನ್ನು ಸರಿಮಾಡಲು ರೂಟ್ ಆಗಬೇಕು, ರೂಟ್ ಆಗಲು ಸುಡೋ ಬೇಕು. ಉಬುಂಟುವಿನಲ್ಲಿ ರೂಟ್‌ಗೆ ಬೇರೆ ಪಾಸ್‌ವರ್ಡನ್ನೂ ಕೊಟ್ಟಿರುವುದಿಲ್ಲ. ಇನ್ನು ಪೆನ್‌ಡ್ರೈವ್‌ನಿಂದಲೋ ರಿಕವರಿ ಮೋಡ್‌ನಲ್ಲೋ ಬೂಟ್ ಮಾಡಿ, ಯಾವ ಫೈಲಿಗೆ ಏನಿತ್ತು ಅಂತ ಹುಡುಕುತ್ತ ಕೂರಬೇಕು. ಪೂರ್ತಿ ಮತ್ತೆ ಇನ್‌ಸ್ಟಾಲ್ ಮಾಡುವುದೇ ಬೇಗ ಮುಗಿಯುವ ಕೆಲಸ.