‘ಜಾಸ್ತಿ ಮಂದಿಗೆ ಒಳ್ಳೇದಾಗ್ಲಿ’: ಭದ್ರಾ ನಾಲೆಯ ಕೊನೆಯಿಂದ ನೋಡಿದರೆ

ಭದ್ರಾ ನಾಲೆಗೆ ನೀರು ಬಿಡುವ ಕಾಲ ಬಂತೆಂದರೆ ದಾವಣಗೆರೆ ಕಡೆ ಒಂದೇ ಮಾತು. ಕೊನೆಭಾಗಕ್ಕೆ ಈ ಸಲ ನೀರು ಮುಟ್ಟುತ್ತಾ? ಮೇಲ್ಭಾಗದ ಗದ್ದೆ, ಅಡಿಕೆ ತೋಟಗಳಿಗೆ ಹರಿದು ಮಿಕ್ಕ ಮೇಲೆ ನಮ್ಮ ಸರದಿ. 2023ರ ಬರದಲ್ಲಿ ಇದೇ ನೀರಿಗಾಗಿ ಇಲ್ಲಿನ ರೈತರು ಬೀದಿಗಿಳಿದಿದ್ದರು. ಆಗ ಚಹಾದಂಗಡಿಯಲ್ಲಿ ಒಬ್ಬ ಹಿರಿಯರು ಹೇಳಿದ್ದು ಇನ್ನೂ ನೆನಪಿದೆ. ‘ಎಲ್ಲಾರಿಗೂ ಕೊಡಾಕ ಆಗಲ್ಲ ಬಿಡಪ್ಪ. ಜಾಸ್ತಿ ಮಂದಿಗೆ ಒಳ್ಳೇದಾಗೋ ಕಡೆ ಬಿಡ್ಲಿ.’

ಅವರು ಕೆಟ್ಟ ಮಾತು ಆಡಲಿಲ್ಲ. ಅದೇ ಮಾತನ್ನು ಹಿಡಿದು ಬೆಳೆದ ಒಂದು ದೊಡ್ಡ ವಿಚಾರಧಾರೆಯೇ ಇದೆ. ಅದಕ್ಕೆ ಉಪಯುಕ್ತತಾವಾದ ಅನ್ನುತ್ತಾರೆ.

1776ರಲ್ಲಿ ಇಂಗ್ಲೆಂಡಿನ ಚಿಂತಕ ಜೆರೆಮಿ ಬೆಂಥಾಮ್ ಬರೆದ: ಸರಿ ಯಾವುದು, ತಪ್ಪು ಯಾವುದು ಎಂದು ಅಳೆಯುವ ಕೋಲು ಒಂದೇ, ಅತಿ ಹೆಚ್ಚು ಜನರ ಅತಿ ಹೆಚ್ಚು ಸುಖ. 1789ರಲ್ಲಿ ಬಂದ ಅವನ ದೊಡ್ಡ ಪುಸ್ತಕ ಆ ಅಳತೆಯನ್ನು ವಿವರಿಸಿತು. ಸುಖ ಎಷ್ಟು ಗಾಢ, ಎಷ್ಟು ಹೊತ್ತು ಇರುತ್ತದೆ, ಸಿಗುವುದು ಎಷ್ಟು ಖಚಿತ, ಎಷ್ಟು ಜನಕ್ಕೆ ತಲುಪುತ್ತದೆ ಎಂದೆಲ್ಲ ಲೆಕ್ಕ ಹಾಕಬೇಕು. ಈ ಲೆಕ್ಕದಲ್ಲಿ ದೊರೆಗೂ ಕೂಲಿಯವನಿಗೂ ಒಂದೇ ತೂಕ. ಪ್ರಾಣಿಗಳ ನೋವೂ ಲೆಕ್ಕಕ್ಕೆ ಬರಬೇಕು ಎಂದ. ಅವುಗಳಿಗೆ ಮಾತು ಬರುತ್ತದಾ ಎಂದು ಕೇಳಬೇಡಿ, ನೋವಾಗುತ್ತದಾ ಎಂದು ಕೇಳಿ ಎಂದ. ಆ ಕಾಲಕ್ಕೆ ಇದು ಎಂಥ ಧೈರ್ಯದ ಮಾತು! ನನಗೆ ಬೆಂಥಾಮ್ ಮೇಲೆ ಗೌರವ ಇರುವುದು ಇದಕ್ಕೇ.

ಅವನಿಗೆ ಬೆಣ್ಣೆದೋಸೆಯ ಸುಖವೂ ಒಂದೇ, ಕಂಪನಿ ನಾಟಕದ ಸುಖವೂ ಒಂದೇ. ಪ್ರಮಾಣ ಸಮ ಇದ್ದರೆ ಸಾಕು. ಮುಂದೆ ಇದೇ ವಿಚಾರಧಾರೆಯ ಇನ್ನೊಬ್ಬ ಚಿಂತಕ ಜಾನ್ ಸ್ಟುವರ್ಟ್ ಮಿಲ್ ಇದನ್ನು ಒಪ್ಪಲಿಲ್ಲ. ಸುಖದಲ್ಲೂ ಮೇಲು ಕೀಳು ಇದೆ, ಬುದ್ಧಿಯ ಸುಖ ದೊಡ್ಡದು ಎಂದು 1861ರಲ್ಲಿ ವಾದಿಸಿದ.

ಆದರೆ ಮೇಲು ಯಾವುದು ಎಂದು ಹೇಳುವವರು ಯಾರು? ಮಿಲ್ 1823ರಿಂದ 1858ರವರೆಗೆ ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರ. ಭಾರತದ ಸಂಸ್ಥಾನಗಳ ಕುರಿತ ಕಾಗದಪತ್ರಗಳು ಅವನ ಕೈಯಲ್ಲಿ ಸಿದ್ಧವಾಗುತ್ತಿದ್ದವು. ಆದರೆ ಅವನು ಇಲ್ಲಿಗೆ ಕಾಲಿಟ್ಟವನೇ ಅಲ್ಲ. 1831ರಲ್ಲಿ ಮೈಸೂರಿನ ಆಡಳಿತವನ್ನು ಅರಸರ ಕೈಯಿಂದ ತೆಗೆದುಕೊಂಡ ಗವರ್ನರ್ ಜನರಲ್ ಬೆಂಟಿಂಕ್ ಕೂಡ ಬೆಂಥಾಮನ ವಿಚಾರಕ್ಕೆ ಒಲಿದವನು. ಆಗ ಚಿತ್ರದುರ್ಗ, ದಾವಣಗೆರೆ ಸೀಮೆಯೂ ಬ್ರಿಟಿಷ್ ಕಮಿಷನರ್‌ಗಳ ಕೈಗೆ ಹೋಯಿತು. ಅದು 1881ರವರೆಗೆ ನಡೆಯಿತು. ‘ಹಿಂದುಳಿದ’ ಸಮಾಜಗಳಿಗೆ ಸ್ವಾತಂತ್ರ್ಯದ ತತ್ವ ಅನ್ವಯಿಸದು, ಅವರ ಒಳಿತಿಗೆ ನಿರಂಕುಶ ಆಳ್ವಿಕೆಯೂ ಸರಿ ಎಂದು 1859ರಲ್ಲಿ ಬರೆದವನು ಇದೇ ಮಿಲ್. ನಮ್ಮ ಸುಖದ ಲೆಕ್ಕವನ್ನು ನಮ್ಮನ್ನು ಕೇಳದೆಯೇ ಹಾಕಿದ್ದರು. ಈ ತತ್ವದ ಇತಿಹಾಸ ಹೇಳುವಾಗ ಇದನ್ನು ಬಿಟ್ಟು ಹೇಳಬಾರದು ಎಂದು ನನ್ನ ಅನಿಸಿಕೆ.

ಉಪಯುಕ್ತತಾವಾದದಲ್ಲಿ ಎರಡು ಮುಖ್ಯ ಕವಲುಗಳಿವೆ. ನಾಲೆ ದಂಡೆಯ ಮೇಲೆ ನಿಂತರೆ ಇವು ಚೆನ್ನಾಗಿ ತಿಳಿಯುತ್ತವೆ. ಒಬ್ಬ ರೈತ ರಾತ್ರಿ ನಾಲೆಗೆ ಮೋಟಾರ್ ಇಡುತ್ತಾನೆ ಅಂದುಕೊಳ್ಳಿ. ಅವನ ಬೆಳೆ ಉಳಿಯುತ್ತದೆ, ಮಗಳ ಫೀಸು ಕಟ್ಟುತ್ತಾನೆ. ಅವನೊಬ್ಬ ಎತ್ತಿದ ನೀರಿನಿಂದ ಕೆಳಗಿನವರಿಗೆ ಆಗುವ ಕೊರತೆ ಕಣ್ಣಿಗೂ ಕಾಣದು. ಒಂದೊಂದು ಕೆಲಸವನ್ನೂ ಬಿಡಿಯಾಗಿ ತೂಗುವ ಕವಲು ಇದಕ್ಕೆ ಹೂಂ ಅನ್ನಬೇಕಾಗುತ್ತದೆ. ಆದರೆ ಪಕ್ಕದವನೂ ಇಟ್ಟ, ಆಚೆಯವನೂ ಇಟ್ಟ. ಒಬ್ಬೊಬ್ಬರ ಲೆಕ್ಕವೂ ಸರಿಯೇ, ನಾಲೆಯ ಕೊನೆ ಮಾತ್ರ ಒಣಗಿತು. ಅದಕ್ಕೇ ಇನ್ನೊಂದು ಕವಲು ಹೇಳುತ್ತದೆ: ಕೆಲಸವನ್ನಲ್ಲ, ನಿಯಮವನ್ನು ತೂಗಿ. ಎಲ್ಲರೂ ಪಾಲಿಸಿದರೆ ಯಾವ ನಿಯಮದಿಂದ ಹೆಚ್ಚು ಒಳ್ಳೆಯದಾಗುತ್ತದೋ ಅದನ್ನು ಹಿಡಿಯಿರಿ. ಸರದಿ ಪ್ರಕಾರ ನೀರು ಬಿಡುವುದರ ಹಿಂದೆ ಇರುವುದೂ ಇದೇ ಬುದ್ಧಿ, ಅಲ್ವಾ?

ಆಕ್ಷೇಪಗಳೂ ಬೇಕಾದಷ್ಟಿವೆ. ಸುಖವನ್ನು ಅಳೆಯುವುದು ಹೇಗೆ ಎಂಬುದು ಹಳೆಯ ಪ್ರಶ್ನೆ. ಇನ್ನೊಂದು, ಇದು ಮನುಷ್ಯನಿಂದ ತೀರಾ ಜಾಸ್ತಿ ಕೇಳುತ್ತದೆ ಎನ್ನುವುದು. 1972ರಲ್ಲಿ ತತ್ವಜ್ಞಾನಿ ಪೀಟರ್ ಸಿಂಗರ್, ಬಂಗಾಳದ ನಿರಾಶ್ರಿತರ ಸಂಕಟವನ್ನು ಮುಂದಿಟ್ಟು, ದೂರದ ಹಸಿದವರಿಗೂ ನಾವು ಹೊಣೆ ಎಂದು ವಾದಿಸಿದ. ಹಾಗಾದರೆ ಕೊಡುವುದನ್ನು ನಿಲ್ಲಿಸುವುದು ಎಲ್ಲಿ?

ನನ್ನನ್ನು ಕಾಡುವುದು ಬೇರೆ. ಕೆರೆಯಲ್ಲಿ ನೀರು ನಿಲ್ಲಲೆಂದು ಮನೆಯ ಸೊಸೆಯನ್ನೇ ಬಲಿ ಕೊಟ್ಟ ಕತೆ ನಮ್ಮ ಕಡೆ ಗೊತ್ತಿಲ್ಲದವರಿಲ್ಲ. ಇಡೀ ಊರಿಗೆ ನೀರು, ಹೋದದ್ದು ಒಂದು ಜೀವ. ಬರಿ ಕೂಡಿಸಿ ಕಳೆದರೆ ಲಾಭವೇ. ಆದರೂ ಆ ಕತೆ ಕೇಳಿದರೆ ಹೊಟ್ಟೆ ಉರಿಯುತ್ತದೆ. ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ಹೇಳಿದ್ದು ಇದನ್ನೇ. ಒಬ್ಬ ಮನುಷ್ಯ ನಾಳೆಯ ಸುಖಕ್ಕಾಗಿ ಇವತ್ತು ಕಷ್ಟಪಡಬಹುದು, ಎರಡೂ ಅವನದೇ. ಆದರೆ ನಿಮ್ಮ ಸುಖಕ್ಕೆ ನನ್ನ ಕಷ್ಟವನ್ನು ಹಾಗೆ ವಜಾ ಹಾಕಲಾಗದು. ನಾವು ಬೇರೆ ಬೇರೆ ಜನ.

ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಎತ್ತಿದ ಆಕ್ಷೇಪ ಇನ್ನೂ ಹತ್ತಿರದ್ದು. ಬಹಳ ದಿನ ಸಿಗದೇ ಹೋದವರು ಕೇಳುವುದನ್ನೇ ಬಿಡುತ್ತಾರೆ, ಇದ್ದುದರಲ್ಲೇ ನೆಮ್ಮದಿ ಕಾಣುತ್ತಾರೆ. ಸುಖ ಮಾತ್ರ ಅಳೆದರೆ ಅವರ ನಷ್ಟ ಎಲ್ಲೂ ಕಾಣದು. ಕೊನೆಭಾಗದಲ್ಲಿರುವ ನಮ್ಮ ದೊಡ್ಡಪ್ಪ ಭತ್ತ ಬಿಟ್ಟು ಮೆಕ್ಕೆಜೋಳಕ್ಕೆ ತಿರುಗಿ ಎಷ್ಟೋ ವರ್ಷವಾಯಿತು. ಕೇಳಿದರೆ ‘ಏನೂ ತೊಂದ್ರೆ ಇಲ್ಲಪ್ಪ, ಆರಾಮ ಅದೀವಿ’ ಅನ್ನುತ್ತಾರೆ. ಆದರೂ ನಾಲೆಗೆ ನೀರು ಬಿಡುವ ಸುದ್ದಿ ಬಂದ ವಾರ ಗುದ್ದಲಿ ಹಿಡಿದು ಹೋಗಿ, ತಮ್ಮ ಹೊಲದ ಕಾಲುವೆಯ ಹುಲ್ಲು ಕಿತ್ತು ಬರುತ್ತಾರೆ.